ಬಳೆ ಹೆಚ್ಚಾದರೆ ತಿಳಿಸಿ

ನಮ್ಮ ಕಾಕುವಿನ ಬಳೆ ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಸಬೇಕೆಂಬ ಬುದ್ಧಿ ಹೊಳೆದದ್ದು ನನಗೇ. ಅದರಿಂದಾದ ಗೊಂದಲವೆಲ್ಲ ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯವರು ಇಂದಿಗೂ ನಾಲ್ಕು ಜನ ಸೇರಿದಲ್ಲಿ ಅದನ್ನು ಎತ್ತಿ ಆಡುತ್ತಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಬೈಲಹೊಂಗಲದ ಒಂದು ಡಿಟಿಪಿ ಸೆಂಟರಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ. ಕಂಪ್ಯೂಟರ್ ಮುಂದೆ ಕೂರುತ್ತೇನೆಂದ ಮೇಲೆ ಅದರ ಹೊಟ್ಟೆಯೊಳಗಿನದೆಲ್ಲ ನನಗೆ ಗೊತ್ತು ಎಂದು ಓಣಿಯವರ ನಂಬಿಕೆ. ಟಿ.ವಿ. ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಇಲ್ಲವೆನ್ನುವ ಸ್ವಭಾವ ನನ್ನದಲ್ಲ, ಹೋಗಿ ಅದರ ಬೆನ್ನಿಗೆ ಎರಡು ಬಾರಿ ಬಡಿದು ಬರುತ್ತಿದ್ದೆ.

ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಪೇಟೆಯ ಓಣಿಯಲ್ಲಿ ಕಾಕಾ ಮತ್ತು ಅವಳು ಸೇರಿ ನಡೆಸುತ್ತಿದ್ದ ಅಂಗಡಿ ಅದು. ಮಾಲು ತರುವುದು ಕಾಕಾನ ಕೆಲಸ, ಕೈಗೆ ತೊಡಿಸುವುದು ಕಾಕುವಿನದು. ಅವಳು ಅಳತೆ ಕೇಳಿದ್ದನ್ನು ನಾನು ಕಂಡಿಲ್ಲ. ಬಂದವರ ಕೈಯನ್ನು ಸುಮ್ಮನೆ ಮಾತಿಗೆಂಬಂತೆ ಹಿಡಿದುಕೊಂಡು, ಹೆಬ್ಬೆರಳ ಬುಡವನ್ನು ಒಮ್ಮೆ ಒತ್ತಿ, "ನಿಮ್ಮ ಅತ್ತಿ ಮೊಳಕಾಲ ನೋವು ಹೆಂಗೈತಿ?" ಎಂದು ಕೇಳುವಳು. ಅತ್ತೆಯ ಪುರಾಣ ಮುಗಿಯುವಷ್ಟರಲ್ಲಿ ಡಜನ್ ಬಳೆ ಕೈಯಲ್ಲಿರುತ್ತಿದ್ದವು. ತೊಂಬತ್ತರ ದಶಕದಲ್ಲಿ ಭಾರತ ಹುಣ್ಣಿಮೆಗೆ ಇಬ್ಬರೂ ಸವದತ್ತಿ ಗುಡ್ಡಕ್ಕೆ ಹೋಗಿ ಕೂರುತ್ತಿದ್ದರು. ಮಾರ್ಗಶಿರದ ಹುಣ್ಣಿಮೆಗೆ ಗುಡ್ಡದ ಅವ್ವ, ಅಲ್ಲಿಯ ದೇವಿ, ಗಂಡ ತೀರಿಹೋಗಿ ಬಳೆ ಕಳೆಯುತ್ತಾಳೆ, ಎರಡು ತಿಂಗಳ ಮೇಲೆ ಭಾರತ ಹುಣ್ಣಿಮೆಗೆ ಮುತ್ತೈದೆಯಾಗಿ ಮತ್ತೆ ತೊಡುತ್ತಾಳೆ. ಅವಳೊಂದಿಗೆ ಬಂದ ಹೆಂಗಸರೆಲ್ಲ ತೊಡುತ್ತಾರೆ. ಆ ದಿನ ಕಾಕುವಿಗೆ ಬುತ್ತಿ ಬಿಚ್ಚಲೂ ಪುರುಸೊತ್ತು ಇರುತ್ತಿರಲಿಲ್ಲ.

ಕಾಕಾ ತೀರಿಕೊಂಡ ಮೇಲೆ ಯಾರೂ ಅವಳ ಮುಖಕ್ಕೆ ಏನೂ ಅನ್ನಲಿಲ್ಲ. ಗಿರಾಕಿಗಳು ಬಂದರು, ಕೂತರು, ನೀರು ಕುಡಿದರು, ಬಣ್ಣ ಆರಿಸಿದರು. ಕೈ ಮಾತ್ರ ಕೊಡಲಿಲ್ಲ. "ಕಟ್ಟಿ ಕೊಡ್ರಿ, ಮನ್ಯಾಗ ಹಾಕ್ಕೊತೇನಿ" ಅನ್ನುವರು. ಗಂಡ ಸತ್ತವಳ ಕೈಯಿಂದ ಬಳೆ ತೊಡುವುದು ಹೇಗೆ ಎಂಬುದು ಒಳಗಿನ ಮಾತು. ಮನೆಯಲ್ಲಿ ತಾವೇ ಏರಿಸಿಕೊಳ್ಳಲು ಹೋಗಿ ಅರ್ಧ ಪುಡಿ ಮಾಡಿಕೊಂಡು, ಮಾಲೇ ಸರಿ ಇಲ್ಲವೆಂದು ಬೇರೆ ಅಂಗಡಿಗೆ ಹೊರಳಿದರು. ಕಾಕು ತಣ್ಣಗಿದ್ದಳು. ನನಗೆ ಮಾತ್ರ ಒಬ್ಬೊಬ್ಬರನ್ನೂ ಹಿಡಿದು ಜಗಳ ತೆಗೆಯಬೇಕೆನ್ನುವಷ್ಟು ಸಿಟ್ಟು.

ಮೂರು ವರ್ಷ ಹೀಗೇ ನಡೆಯಿತು. ಅಂಗಡಿಯ ಜಾಗ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಕೆಟ್ಟವರೇನಲ್ಲ, ಆದರೆ ಖಾಲಿ ಅಂಗಡಿಯಲ್ಲಿ ತಮ್ಮನ ಹೆಂಡತಿ ನೊಣ ಓಡಿಸುತ್ತ ಕೂತದ್ದನ್ನು ನೋಡಲು ಅವರಿಗೆ ಆಗುತ್ತಿರಲಿಲ್ಲ. ಆಗ ಮೊಬೈಲ್ ಅಂಗಡಿಗಳು ಅಣಬೆಯಂತೆ ಏಳುತ್ತಿದ್ದ ಕಾಲ. ಒಬ್ಬರು ಜಾಗ ಕೇಳಿಕೊಂಡು ಬಂದಿದ್ದರು.

"ಪಂಚಮಿ ತನಕ ನೋಡೂನವಾ. ಹಬ್ಬಕ್ಕೂ ಗಿರಾಕಿ ಬರಲಿಲ್ಲಂದ್ರ ಅವರಿಗೆ ಕೊಟ್ಟಬಿಡೂನು. ನೀ ಮನ್ಯಾಗ ಆರಾಮ ಇರು" ಎಂದರು ಅಪ್ಪ.

ಕಾಕು ಸೆರಗು ಸರಿಮಾಡಿಕೊಂಡು, "ಆತ್ರೀ ಭಾವಾರ" ಎಂದಳು. ಒಳಗೆ ಬಂದು ನನಗೆ ಹೇಳಿದ್ದು ಬೇರೆ. "ನಾ ಆರಾಮ ಇರಾಕ ಹುಟ್ಟಿಲ್ಲ ಯವ್ವಾ. ಆ ಅಂಗಡಿ ಹೋದ್ರ ನನ್ನ ಕೈಗೆ ಏನ್ ಕೆಲಸ?"

ಕೈ ಕೊಡದವರ ಊರು ಬಿಟ್ಟು, ಕಾಕು ಯಾರೆಂದೇ ಗೊತ್ತಿಲ್ಲದವರಿಗೆ ಮಾರಿದರೆ ಹೇಗೆ ಎಂದು ನನಗೆ ಅನಿಸಿದ್ದು ಆಗಲೇ. ನಾಗರಪಂಚಮಿಗೆ ಇನ್ನೂ ಆರು ತಿಂಗಳಿತ್ತು. ನೂರು ಪುಟದ ಒಂದು ನೋಟುಬುಕ್ಕು ತಂದು, ಮೊದಲ ಪುಟದಲ್ಲಿ ದೊಡ್ಡದಾಗಿ 'ವೆಬ್‌ಸೈಟ್' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಮುಂದೇನು ಬರೆಯಬೇಕೆಂದು ತಿಳಿಯದೆ ಒಂದು ವಾರ ಹಾಗೇ ಬಿಟ್ಟೆ.

ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡಿಕೊಡುವವರೊಬ್ಬರಿದ್ದರು. ನಲವತ್ತು ದಾಟಿದ, ಕನ್ನಡಕ ಹಣೆಗೇರಿಸಿಕೊಂಡೇ ಇರುವ ಮನುಷ್ಯ. ಬಟ್ಟೆ ಅಂಗಡಿಯ ಮಾಳಿಗೆ ಮೇಲೆ ಅವರ ಆಫೀಸು. ಕಾಕುವನ್ನು ಕರೆದುಕೊಂಡು ಹೋದೆ. ಅವಳು ಮೆಟ್ಟಿಲು ಹತ್ತಿ, ಕುರ್ಚಿಯ ತುದಿಗೆ ಕೂತು, ತನ್ನ ಮಡಿಲಲ್ಲಿ ಬಳೆಯ ಒಂದು ಡಬ್ಬಿ ಇಟ್ಟುಕೊಂಡಳು. ಅವರು ಕಾಗದ ತೆಗೆದುಕೊಂಡು ಒಂದು ಚೌಕ ಬರೆದರು.

"ನೋಡ್ರಿ ಅವ್ವಾರ, ಇದು ಮೊದಲನೇ ಪುಟ. ಬಂದವ್ರಿಗೆ ಇಲ್ಲಿ ಮೊದಲ ಏನ ಕಾಣಬೇಕು?"

"ಬರ್ರಿ, ಕುಂದರ್ರಿ, ನೀರ ಕುಡೀರಿ ಅಂತ ಇರಬೇಕು" ಎಂದಳು ಕಾಕು.

"ನೀರು ಎಲ್ಲಿಂದ ಕೊಡೂದ್ರಿ?"

"ಕೊಡದಿದ್ರೂ ಅನಬೇಕಲ್ರಿ. ಬಂದಕೂಡ್ಲೆ ಮಾಲು ತೋರ್ಸಿದ್ರ ಏನ್ ಅಂದಾರು?"

ಅವರು ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದರು. ಬರೆದುಕೊಂಡರು. ಎರಡನೆಯ ಪುಟದಲ್ಲಿ 'ನಮ್ಮ ಬಗ್ಗೆ' ಇರಬೇಕೆಂದರು. ಕಾಕು, "ನಮ್ಮ ಬಗ್ಗೆ ನಾವ ಹೇಳ್ಕೊಂಡ್ರ ಚಂದ ಕಾಣಂಗಿಲ್ಲ" ಎಂದು ಅದನ್ನು ಹೊಡೆಸಿಹಾಕಿದಳು. ಒಳಗೊಳಗೆ ನನಗೂ ಸಮಾಧಾನವಾಯಿತು. ಅವಳು ಯಾರು, ಗಂಡ ಇದ್ದಾನೋ ಇಲ್ಲವೋ ಎಂಬುದು ಅಲ್ಲಿ ಬರುವುದು ಬೇಡವಾಗಿತ್ತು.

ಕಷ್ಟವಾದದ್ದು ಅಳತೆ. ಎರಡು-ನಾಲ್ಕು, ಎರಡು-ಆರು ಎಂದು ನಂಬರು ಹಾಕಿ, ಬೇಕಾದವರು ಆರಿಸಿಕೊಳ್ಳುತ್ತಾರೆ ಎಂದರು ಹುಬ್ಬಳ್ಳಿಯವರು. ಕಾಕು ಒಪ್ಪಲಿಲ್ಲ. ತನ್ನ ಕೈಯ ನಂಬರು ಯಾವ ಹೆಂಗಸಿಗೂ ಗೊತ್ತಿರುವುದಿಲ್ಲ, ಗೊತ್ತಿದೆಯೆನ್ನುವವರದು ಹತ್ತು ವರ್ಷ ಹಿಂದಿನ ನಂಬರು ಎಂಬುದು ಅವಳ ವಾದ. ಕೊನೆಗೆ ಅವಳೇ ಪ್ರಶ್ನೆ ಹೇಳಿದಳು, ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ನೀವು ರೊಟ್ಟಿ ಬಡಿಯುವವರೋ, ಚಪಾತಿ ಲಟ್ಟಿಸುವವರೋ? ನೀರು ಸೇದುತ್ತೀರೋ, ನಲ್ಲಿಯಿದೆಯೋ? ಹೆರಿಗೆಯಾಗಿ ಎಷ್ಟು ದಿನವಾಯಿತು? ಬೆರಳು ಕೂಡಿಸಿ ಕೈಯನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು ಟಪಾಲಿನಲ್ಲಿ ಕಳಿಸಿ. ಬಡಿಯುವ ಅಂಗೈ ಅಗಲವಾದರೂ ಮೆತ್ತಗಿರುತ್ತದೆ, ಬಳೆ ಸಣ್ಣದಾದರೂ ಏರುತ್ತದೆಯಂತೆ. ಹುಬ್ಬಳ್ಳಿಯವರು ತಮ್ಮ ಕೈಯನ್ನೇ ಒಮ್ಮೆ ಹಿಂದೆಮುಂದೆ ತಿರುಗಿಸಿ ನೋಡಿಕೊಂಡರು.

ಆಮೇಲೆ ಅವರು, "ಕಡೀ ಮಾತು. ಗಾಜಿನ ಮಾಲು. ದಾರ್ಯಾಗ ಬಳಿ ಒಡದ್ರ..." ಎಂದರು.

ಕಾಕು ಎರಡೂ ಕಿವಿ ಮುಚ್ಚಿಕೊಂಡಳು. "ಆ ಮಾತು ಆಡಬ್ಯಾಡ್ರಿ ಸಾಹೇಬರ. ಬಳಿ ಡಬ್ಬಿ ಮುಂದೈತಿ."

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮಂಗಲದ ವಸ್ತುವಿಗೆ ಕೆಟ್ಟ ಮಾತು ಸೋಕಿಸುವುದಿಲ್ಲ. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಮನೆಯಲ್ಲಿ ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಗಿದೆ ಎಂದು ಅಂಗಡಿಗೆ ಹೋಗುತ್ತೇವೆ. ಹಾಗೆಯೇ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಬಳೆ ಮಾರುವವಳ ಬಾಯಲ್ಲಂತೂ ಒಡೆಯಿತು ಎಂಬ ಮಾತು ಸತ್ತರೂ ಬರುವುದಿಲ್ಲ.

"ಆದ್ರ ಇದನ್ನ ಬರೀಲೇಬೇಕಲ್ರಿ. ನಾಳೆ ತಕರಾರು ಬಂದೀತು" ಎಂದರು ಅವರು.

"ನಾ ಬರೀತೇನಿ" ಎಂದೆ ನಾನು. ಲಗ್ನಪತ್ರಿಕೆ ಬರೆದು ಬರೆದು ನನ್ನ ಕೈ ಪಳಗಿತ್ತು. ಆ ಡಬ್ಬಿಯ ಮುಂದೆಯೇ ಒಂದು ಸಾಲು ಬರೆದು ಓದಿದೆ: 'ದಾರಿಯಲ್ಲಿ ಬಳೆ ಹೆಚ್ಚಾದರೆ ಸಂಕೋಚವಿಲ್ಲದೆ ತಿಳಿಸಿ.' ಕಾಕುವಿನ ಮುಖ ಅರಳಿತು. ಹುಬ್ಬಳ್ಳಿಯವರೂ ನಮ್ಮ ಸೀಮೆಯವರೇ ಆದ್ದರಿಂದ ತಲೆಯಾಡಿಸಿದರು. ಮೂವರಲ್ಲಿ ಒಬ್ಬರಿಗೂ ಅದರಲ್ಲಿ ಐಬು ಕಾಣಲಿಲ್ಲ.

ಆಗಿನ್ನೂ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಆದ್ದರಿಂದ ನಾನು ಸೆಂಟರಿನಲ್ಲಿ ಟೈಪು ಮಾಡಿದ್ದನ್ನು ಅವರು ಚಿತ್ರ ಮಾಡಿ ಅಂಟಿಸಿದರು. ಒಮ್ಮೆ ಅಂಟಿಸಿದರೆ ಮುಗಿಯಿತು, ತಿದ್ದಬೇಕೆಂದರೆ ಮತ್ತೆ ಮೊದಲಿನಿಂದ ಎಂದು ಎಚ್ಚರಿಸಿದ್ದರು. ತಿದ್ದುವುದೇನಿದೆ ಎಂದು ಜಂಬದಿಂದ ಹೇಳಿ ಬಂದೆ.

ಸೈಟು ಆಯಿತು, ನೋಡುವವರು ಬೇಕಲ್ಲ. ನನ್ನ ಕೈಯಲ್ಲಿ ಇದ್ದದ್ದು ಲಗ್ನಪತ್ರಿಕೆ. ರಾಮದುರ್ಗ, ಕಿತ್ತೂರು, ಮುನವಳ್ಳಿ ಎಲ್ಲಿಯ ಪತ್ರಿಕೆ ಬಂದರೂ ಕೊನೆಯ ಸಾಲಿನ ಕೆಳಗೆ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣಗೆ, ಬಳೆಯ ಸೈಟಿನ ವಿಳಾಸ ಸೇರಿಸತೊಡಗಿದೆ. ಸುರೇಬಾನದ ಒಬ್ಬ ಹಿರಿಯರು ಅದನ್ನು ಗಮನಿಸಿ, ಇದು ಯಾವ ದೇವರ ಹೆಸರು ಎಂದು ಕೇಳಿದಾಗ ನನ್ನ ಮಾಲೀಕರಿಗೆ ಗೊತ್ತಾಯಿತು. ಬೈಗುಳ ತಿಂದೆ. ಅಷ್ಟರಲ್ಲಿ ಆ ಹಂಗಾಮಿನ ಪತ್ರಿಕೆಗಳು ನಾಡೆಲ್ಲ ಹಂಚಿಹೋಗಿದ್ದವು.

ಹದಿನೈದು ದಿನಕ್ಕೆ ಮೊದಲ ಕೈ ಬಂತು. ಮಂಗಳೂರಿನ ಕಡೆಯ ಒಂದು ಊರಿನ ಶಾಲಾ ಶಿಕ್ಷಕಿ. ಅವರ ಜೊತೆಗೆ ಕೆಲಸ ಮಾಡುವವರಿಗೆ ರಾಮದುರ್ಗದಿಂದ ಲಗ್ನಪತ್ರಿಕೆ ಹೋಗಿತ್ತಂತೆ. ಹಸಿರು ಗಾಜಿನ ಬಳೆ ಒಂದು ಡಜನ್ ಬೇಕು, ರೊಟ್ಟಿ ಬಡಿಯುವುದಿಲ್ಲ, ಆದರೆ ನಿತ್ಯ ಸೀಮೆಸುಣ್ಣ ಹಿಡಿಯುತ್ತೇನೆ ಎಂದು ಬರೆದು, ಕೈಯ ಗೆರೆ ಎಳೆದ ಕಾಗದ ಇಟ್ಟಿದ್ದರು. ಕಾಕು ಆ ಕಾಗದವನ್ನು ಗಾಜಿನ ಕಪಾಟಿನ ಮೇಲೆ ಹರಡಿ, ಅದರ ಮೇಲೆ ತನ್ನ ಅಂಗೈ ಇಟ್ಟಳು. ಮೂರು ವರ್ಷದಲ್ಲಿ ಅವಳಿಗೆ ಯಾರಾದರೂ ಕೊಟ್ಟ ಮೊದಲ ಕೈ ಅದು.

"ಹೆಬ್ಬಟ್ಟಿನ ಬುಡ ಗಟ್ಟಿ ಇದ್ದೀತು. ಎರಡು-ಆರು ಹಾಕು" ಎಂದಳು ಅವಳು, ಏನೂ ಆಗದವಳಂತೆ.

ದಾರಿಯ ಭಯಕ್ಕೆ ಡಜನ್ನಿನ ಮೇಲೆ ಎರಡು ಬಳೆ ಇಟ್ಟು ಕಳಿಸಿದಳು. ಆಮೇಲೆ ಮೈಸೂರು, ಶಿವಮೊಗ್ಗ ಕಡೆಯಿಂದಲೂ ಕೈಗಳು ಬಂದವು. ಎಲ್ಲರಿಗೂ ಮೇಲೆ ಎರಡು. ಅಪ್ಪ ಟಪಾಲಿನವನ ದಾರಿ ಕಾಯುವುದನ್ನು ಕಲಿತರು. ಕಾಕು ಜಡೆ ಬಿಗಿಯಾಗಿ ಹಾಕತೊಡಗಿದಳು.

ಒಂದು ದಿನ ಶಿಕ್ಷಕಿಯ ಕಾರ್ಡು ಬಂತು. 'ನಿಮ್ಮ ಸೂಚನೆಯಂತೆ ತಿಳಿಸುತ್ತಿದ್ದೇನೆ. ಎರಡು ಬಳೆ ಹೆಚ್ಚಾಗಿವೆ.'

"ಎರಡ ಅಲ್ಲೇನು, ಇರ್ಲಿ" ಎಂದು ಕಾಕು, ಡಜನ್ ಉಳಿದಿದ್ದರೂ ಹೋದದ್ದನ್ನು ತುಂಬಿಕೊಡುವುದೇ ಅಂಗಡಿಯ ನೇಮವೆಂಬಂತೆ, ಎರಡು ಬಳೆಗೆ ಮೇಲೆ ಎರಡಿಟ್ಟು ನಾಲ್ಕು ಕಳಿಸಿದಳು. ಮೈಸೂರಿನವರದೂ ಅದೇ ಮಾತು, ಎರಡು ಹೆಚ್ಚಾಗಿವೆ. ಶಿವಮೊಗ್ಗದ್ದೂ ಎರಡೇ. ಎಲ್ಲರಿಗೂ ಲೆಕ್ಕ ಹಾಕಿದಂತೆ ಎರಡೇ ಏಕೆ ಒಡೆಯುತ್ತವೆ ಎಂದು ತಲೆಯಿದ್ದವರಿಗೆ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ. ಶಿಕ್ಷಕಿಯ ಎರಡನೆಯ ಕಾರ್ಡು ಬಂತು: 'ಮತ್ತೆ ನಾಲ್ಕು ಹೆಚ್ಚಾಗಿವೆ. ಒಟ್ಟು ಆರು.'

ಕಳಿಸಿದ ನಾಲ್ಕಕ್ಕೆ ನಾಲ್ಕೂ ಹೋದವೆಂದು ಕಾಕು ಕಂಗಾಲಾದಳು. ಇಡೀ ಮಧ್ಯಾಹ್ನ ಕೂತು ಕಟ್ಟಿಗೆಯ ಪೆಟ್ಟಿಗೆಗೆ ಹಿಂಜಿದ ಹತ್ತಿ ತುಂಬಿ, ಒಂದೊಂದು ಬಳೆಯನ್ನೂ ಬೇರೆ ಬೇರೆ ಸುತ್ತಿ, ಆರಕ್ಕೆ ಎರಡು ಸೇರಿಸಿ ಎಂಟು ಕಳಿಸಿದಳು. ಹಾದಿಬದಿಗೆ ಎಸೆದರೂ ಏನೂ ಆಗದ ಪೆಟ್ಟಿಗೆ ಅದು. ಉತ್ತರ ಬಂತು. 'ದಯವಿಟ್ಟು ಕಳಿಸಬೇಡಿ. ಈಗ ಹದಿನಾಲ್ಕು ಹೆಚ್ಚಾಗಿವೆ.'

ಆ ಕಾರ್ಡನ್ನು ಟಪಾಲಿನವನ ಕೈಯಿಂದ ಇಸಿದುಕೊಂಡು ಓದಿದವರು ಅಪ್ಪ. ಪಂಚಮಿಗೆ ಎರಡು ವಾರ ಉಳಿದಿತ್ತು.

"ಗಾಜು ಟಪಾಲಿನ್ಯಾಗ ಹೋಗೂದಲ್ಲವಾ. ನಿನ್ನ ತಪ್ಪಲ್ಲ, ಇವಳದು" ಎಂದು ನನ್ನ ಕಡೆ ತೋರಿಸಿದರು. "ಸಾಕು ಮಾಡೂನು. ಆ ಮೊಬೈಲಿನವ್ರಿಗೆ ಹೂಂ ಅಂತ ಹೇಳ್ಲೇನು?"

"ಹೇಳ್ರಿ" ಎಂದಳು ಕಾಕು. ಮರುದಿನ ಕಪಾಟಿನ ಮೇಲಿನ ಸಾಲಿನಿಂದ ಡಬ್ಬಿ ಇಳಿಸಲು ಶುರು ಮಾಡಿದಳು. ನಾನು ಕೆಳಗೆ ನಿಂತು ಇಸಿದುಕೊಳ್ಳುತ್ತಿದ್ದೆ. ಇದೆಲ್ಲ ನಾನೇ ಮಾಡಿದ್ದು ಎಂದಷ್ಟೇ ಅನಿಸುತ್ತಿತ್ತು.

ಮೂರನೆಯ ದಿನ ನಮ್ಮದೇ ಕಟ್ಟಿಗೆಯ ಪೆಟ್ಟಿಗೆ ತಿರುಗಿ ಬಂತು. ಮುಚ್ಚಳ ತೆಗೆದರೆ ನಮ್ಮದೇ ಹತ್ತಿ, ಒಳಗೆ ಹದಿನಾಲ್ಕು ಹಸಿರು ಬಳೆ. ಒಂದಕ್ಕೂ ಕೂದಲೆಳೆಯಷ್ಟು ಬಿರುಕಿಲ್ಲ. ಕಾಕು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ನಾನು ಪತ್ರ ಓದಿದೆ.

'ಮಾನ್ಯರೇ, ಬಳೆ ಹೆಚ್ಚಾದರೆ ತಿಳಿಸಿ ಎಂದು ನಿಮ್ಮ ಪುಟದಲ್ಲಿ ಇದ್ದುದರಿಂದ ಪ್ರಾಮಾಣಿಕವಾಗಿ ತಿಳಿಸಿದೆ. ತಿಳಿಸಿದಷ್ಟೂ ನೀವು ಹೆಚ್ಚು ಕಳಿಸುತ್ತಿದ್ದೀರಿ. ನಿಮ್ಮ ಮನಸ್ಸು ದೊಡ್ಡದು, ಆದರೆ ನನಗಿರುವುದು ಎರಡೇ ಕೈ. ಡಜನ್ ಬಳೆ ಹೇಳಿ ಮಾಡಿಸಿದ ಹಾಗೆ ಕೂತಿವೆ. ಒಂದು ಗೆರೆ ನೋಡಿ ಇಷ್ಟು ಸರಿಯಾಗಿ ಅಳತೆ ಹಿಡಿದ ಕೈಯನ್ನು ನೋಡಬೇಕೆನಿಸಿದೆ. ಹೆಚ್ಚಾದ ಬಳೆ ಇದರೊಂದಿಗೆ ಇವೆ. ಅವನ್ನು ನೀವೇ ತೊಟ್ಟುಕೊಳ್ಳಿ.'

ಅರ್ಥವಾಗಲು ನನಗೆ ಎರಡು ಗಳಿಗೆ ಬೇಕಾಯಿತು. ಆಮೇಲೆ ನಗು ತಡೆಯಲಾಗಲಿಲ್ಲ. ಆ ಕಡೆಯವರಿಗೆ ಹೆಚ್ಚು ಎಂದರೆ ಹೆಚ್ಚು ಎಂದೇ. ಇಷ್ಟು ದಿನ ನಾಡಿನ ಯಾವ ಮೂಲೆಯಲ್ಲೂ ಒಂದು ಬಳೆಯೂ ಒಡೆದಿರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಕಾಕು ನಗಲಿಲ್ಲ. "ಕಡೀ ಸಾಲು ಇನ್ನೊಮ್ಮೆ ಓದು" ಎಂದಳು. ಓದಿದೆ.

ಅವಳು ಬಳೆಗಳನ್ನು ಒಂದೊಂದಾಗಿ ಹತ್ತಿಯ ಮೇಲೆ ಸಾಲಾಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ನಿಮ್ಮ ಕಾಕಾ ಹ್ವಾದ ದಿವಸ ನನ್ನ ಬಳಿ ಹೆಚ್ಚಾದ್ವು ಅಂತ ಯಾರೂ ಅನಲಿಲ್ಲ ಯವ್ವಾ. ಒಡೀರಿ ಅಂದ್ರು. ಕಲ್ಲ ತೊಗೊಂಬರ್ರಿ ಅಂದ್ರು. ಬಳಿ ಮಾರಾಕಿ ಮುಂದ."

ನನ್ನ ನಗು ಎಲ್ಲಿ ಹೋಯಿತೋ.

"ಗುಡ್ಡದ ಅವ್ವಗ ಎರಡ ತಿಂಗಳಿಗೆ ಬಳಿ ತಿರುಗಿ ಬರತಾವ. ನನಗ ಮೂರು ವರ್ಷ ಬೇಕಾತು" ಎಂದು ಎರಡೂ ಕೈ ನನ್ನ ಮುಂದೆ ಚಾಚಿದಳು. "ಹಾಕು."

ನಾನು ಆವರೆಗೆ ಯಾರ ಕೈಗೂ ಬಳೆ ತೊಡಿಸಿದವಳಲ್ಲ. ಹೆಬ್ಬೆರಳ ಬುಡ ಎಲ್ಲಿ ಒತ್ತಬೇಕೆಂದು ಅವಳೇ ಹೇಳಿಕೊಟ್ಟಳು. ಎಡಗೈಗೆ ಏಳು ಹೇಗೋ ಏರಿದವು. ಬಲಗೈಯ ಕೊನೆಯದು ನನ್ನ ಬೆರಳಿನಲ್ಲೇ ಟಕ್ಕೆಂದಿತು.

"ಅಯ್ಯೋ, ಒಡೀತು" ಎಂದೆ.

"ಹೆಚ್ಚಾತು ಅನ್ನು" ಎಂದಳು ಕಾಕು, ಕಣ್ಣೊರೆಸಿಕೊಳ್ಳುತ್ತ. ಆಗ ಅವಳಿಗೂ ನಗು ಬಂತು. ಸಾವಿರ ಹರದಾರಿ ತಿರುಗಿಬಂದ ಬಳೆ ನನ್ನ ಕೈಯಲ್ಲಿ ಹೋಯಿತಲ್ಲ ಎಂದು ಇಬ್ಬರೂ ನಕ್ಕೆವು.

ಸಂಜೆ ಅಪ್ಪ ಬಂದರು. ಇಳಿಸಿದ ಡಬ್ಬಿಗಳೆಲ್ಲ ಮತ್ತೆ ಮೇಲಿದ್ದವು. ಅವರ ಕಣ್ಣು ಕಾಕುವಿನ ಕೈಯ ಮೇಲೆ ಬಿತ್ತು. ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

"ಆ ಮೊಬೈಲಿನವ್ರಿಗೆ ಏನ ಹೇಳ್ಲೆವಾ?" ಎಂದು ಕೇಳಿದರು ಕಡೆಗೆ.

"ನಮ್ಮಲ್ಲಿ ಜಾಗಾ ಹೆಚ್ಚಾಗಿಲ್ಲ ಅಂತ ಹೇಳ್ರಿ ಭಾವಾರ."

ಅಪ್ಪ ಹಾಗೆಯೇ ಹೇಳಿಬಂದರು. ವೆಬ್‌ಸೈಟಿನ ಆ ಸಾಲನ್ನು ತಿದ್ದಿಸಲು ಹುಬ್ಬಳ್ಳಿಗೆ ಹೋಗುತ್ತೇನೆಂದರೆ ಕಾಕು ಬಿಡಲಿಲ್ಲ. ಸೈಟು ಇದ್ದಷ್ಟು ಕಾಲ ಅದು ಹಾಗೇ ಇತ್ತು.

ಪಂಚಮಿಯ ಹಿಂದಿನ ದಿನ ಪೇಟೆ ತುಂಬಿತ್ತು. ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಅವ್ವಂದಿರು. ಕಾಕು ಹಸಿರು ಬಳೆಯ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಗಲ್ಲಾದ ಮೇಲೇ ಇಟ್ಟುಕೊಂಡು ಕೂತಿದ್ದಳು. ಇಬ್ಬರು ಮೆಟ್ಟಿಲವರೆಗೆ ಬಂದು, ಅದನ್ನು ನೋಡಿ, ಹಾಗೇ ತಿರುಗಿಹೋದರು. ಒಬ್ಬಳು ಏನೋ ಗೊಣಗಿದಳು. ನಾನು ಎದ್ದು ಹೋಗುವವಳಿದ್ದೆ, ಕಾಕು ನನ್ನ ಲಂಗದ ಅಂಚು ಹಿಡಿದು ಕೂರಿಸಿದಳು.

ಆಮೇಲೆ ಕಿತ್ತೂರಿನ ಕಡೆಯ ಒಬ್ಬ ಹಳೆಯ ಗಿರಾಕಿ ಬಂದಳು. ಮೂರು ವರ್ಷದಿಂದ ಕಟ್ಟಿಸಿಕೊಂಡೇ ಹೋಗುತ್ತಿದ್ದವಳು. ಕೂತಳು, ನೀರು ಕುಡಿದಳು, ಹೊಳೆಯುವ ಚುಕ್ಕಿಗಳ ಚಿಕ್ಕಿ ಬಳೆ ಆರಿಸಿದಳು. ನಾನು ಕಟ್ಟಲು ಹಾಳೆ ಹರಿದೆ. ಅವಳು ಕಾಕುವಿನ ಕೈಯನ್ನು ನೋಡಿದಳು, ನನ್ನ ಹಾಳೆಯನ್ನು ನೋಡಿದಳು. ತನ್ನ ಎಡಗೈಯನ್ನು ಸೆರಗಿಗೆ ಒರೆಸಿ ಮುಂದಕ್ಕೆ ಚಾಚಿದಳು.

ಕಾಕು ಆ ಕೈಯನ್ನು ಹಿಡಿದುಕೊಂಡು, ಹೆಬ್ಬೆರಳ ಬುಡವನ್ನು ಒಮ್ಮೆ ಒತ್ತಿದಳು.

"ರೊಟ್ಟಿ ಬಡಿಯೂದು ಬಿಟ್ಟಿಯೇನವಾ?"

"ಹೂಂರಿ, ಸೊಸಿ ಬಂದಾಳ" ಎಂದು ಅವಳು ಸೊಸೆಯ ಪುರಾಣ ತೆಗೆದಳು. ಅದು ಮುಗಿಯುವ ಹೊತ್ತಿಗೆ ಡಜನ್ ಬಳೆ ಅವಳ ಕೈಯಲ್ಲಿದ್ದವು.